ಬ್ರೇಕಮ್ಮ ಎಳೆದ ದಾರಿ

ನಗರದ ರಸ್ತೆ ಇಲಾಖೆಯ ನಕ್ಷೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು ಗೆರೆ ಎಳೆದ ಆ ಹೆಂಗಸಿಗೆ ಹೆತ್ತವರಿಟ್ಟ ಹೆಸರೊಂದು ಇತ್ತು. ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಇಲಾಖೆಗೆಲ್ಲ ಅವಳು ಬ್ರೇಕಮ್ಮ. ಯಾವ ರಸ್ತೆಯ ನಕ್ಷೆ ಮೇಜಿಗೆ ಬಂದರೂ ಅವಳದು ಒಂದೇ ಪ್ರಶ್ನೆ: "ಇಲ್ಲಿ ಸೈಕಲ್ಲಿನವರು ಎಷ್ಟು ಸಲ ಬ್ರೇಕ್ ಹಿಡೀಬೇಕು ಸಾರ್?" ಮೊದಲ ಸಲ ಕೇಳಿದಾಗ ನಕ್ಕರು, ಹತ್ತನೆಯ ಸಲಕ್ಕೆ ಹೆಸರಿಟ್ಟರು. ಹೆಸರಿಟ್ಟವರು ಮುಖ್ಯ ಇಂಜಿನಿಯರ್ ಸಾಹೇಬರೇ. ಅವರ ತಲೆಯಿಂದ ಇಲಾಖೆಗೆ ಸಿಕ್ಕ ಉಪಯೋಗದ ವಸ್ತು ಅದೊಂದೇ ಎಂದು ಬ್ರೇಕಮ್ಮ ಹೇಳುತ್ತಿದ್ದಳು.

ಅವಳ ಅಪ್ಪ ಸೈಕಲ್ ರಿಪೇರಿಯವನು. ಅಂಗಡಿ ಎಂದರೆ ಗೋಡೆಗೆ ಒರಗಿಸಿದ ನಾಲ್ಕು ತಗಡು, ಪಂಕ್ಚರ್ ನೋಡಲು ಒಂದು ನೀರಿನ ಬಾಣಲೆ, ಗ್ರೀಸು ಮೆತ್ತಿದ ಒಂದು ಸ್ಟೂಲು. ಅಕ್ಕ-ತಂಗಿ ಇಬ್ಬರೂ ನಡೆಯಲು ಕಲಿತ ಮೇಲೆ ಕಲಿತ ಮೊದಲ ವಿದ್ಯೆ ಸೈಕಲ್ಲು. ಸವೆದುಹೋದ ಬ್ರೇಕಿನ ರಬ್ಬರು ತೋರಿಸಿ ಅಪ್ಪ ಬೈಯುತ್ತಿದ್ದ: "ಮೈ ಬಗ್ಗಿಸಿ ತುಳಿದು ಎಬ್ಬಿಸಿದ ಓಟಾನ ಈ ರಬ್ಬರಿಗೆ ತಿನ್ನಿಸ್ತೀರಲ್ಲೇ! ಇದಕ್ಕೇನು ಹೊಟ್ಟೆ ಹಸಿದಿತ್ತಾ? ದೂರದಿಂದಲೇ ನೋಡಿ, ತುಳಿಯೋದು ಬಿಡಿ, ತಾನೇ ಹರೀಲಿ." ಪೂರ್ತಿ ನಿಂತ ಸೈಕಲ್ಲನ್ನು ಮತ್ತೆ ಮೊದಲಿನ ಓಟಕ್ಕೆ ತರಲು ಬೇಕಾದ ತ್ರಾಣದಲ್ಲಿ, ಓಡುತ್ತಿರುವ ಸೈಕಲ್ಲು ನೂರು ಮೀಟರ್ ದಾಟಿಬಿಡುತ್ತದೆ. ಇದನ್ನು ಬ್ರೇಕಮ್ಮ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವಳ ತೊಡೆಗೆ ಗೊತ್ತಿತ್ತು.

ಸಾಹೇಬರ ತೊಡೆಗೆ ಗೊತ್ತಿದ್ದುದು ಕಾರಿನ ಸೀಟು ಮಾತ್ರ. ಮನೆಯ ಬಾಗಿಲಲ್ಲಿ ಹತ್ತಿ ಕಚೇರಿಯ ಮೆಟ್ಟಿಲಲ್ಲಿ ಇಳಿಯುವವರು. ಅಂಥವರ ಮೇಲೆ ಒಂದು ದಿನ ಮೇಲಿನಿಂದ ಆಜ್ಞೆ ಬಂತು: ನಗರದಲ್ಲಿ ಸೈಕಲ್ ದಾರಿ ಆಗಬೇಕು, ರೈಲು ನಿಲ್ದಾಣದಿಂದ ದೊಡ್ಡಾಸ್ಪತ್ರೆಯವರೆಗೆ, ನಾಲ್ಕು ಕಿಲೋಮೀಟರ್. ಸಾಹೇಬರು ಹಸಿರು ಪೆನ್ನು ಹಿಡಿದು ಬ್ರೇಕಮ್ಮನ ಹೆಗಲ ಹಿಂದೆ ನಿಂತರು.

"ಇಲ್ಲಿ ಬಟ್ಟೆ ಅಂಗಡಿ ಗೇಟಿದೆ. ಸೈಕಲ್ಲಿನವರು ನಿಂತು ನೋಡಿ ಹೋಗಲಿ. ಒಂದು ಬೋರ್ಡು ಹಾಕಿ."

"ಸಾರ್, ಗೇಟಿಂದ ದಿನಕ್ಕೆ ಆರು ಕಾರು ಹೊರಗೆ ಬರುತ್ತೆ. ಸೈಕಲ್ಲು ಸಾವಿರ ಹೋಗುತ್ತೆ. ಕಾರೇ ನಿಲ್ಲಲಿ ಬಿಡಿ."

"ಏನಮ್ಮಾ ನೀವು, ಕಾರಿನವರಿಗೆ ಕೆಲಸ ಇರುತ್ತೆ."

ಹಾಗೆ ಪ್ರತಿ ಗೇಟಿಗೂ ಒಂದು 'ನಿಲ್ಲಿ' ಬೋರ್ಡು ಬಂತು. ವಿದ್ಯುತ್ ಕಂಬಗಳನ್ನು ಕೀಳುವುದು ಬೇರೆ ಇಲಾಖೆಯ ಕೆಲಸವಂತೆ, ಆದ್ದರಿಂದ ದಾರಿ ಪ್ರತಿ ಕಂಬವನ್ನೂ ಸುತ್ತಿ ಪೆಟ್ಟು ತಿಂದ ಹಾವಿನ ಹಾಗೆ ಹೊರಳಿತು. ಬಸ್ ನಿಲ್ದಾಣದ ಎದುರು ದಾರಿ ಕಟ್ಟೆ ಹತ್ತಿತು, ಅಲ್ಲಿ 'ಇಳಿದು ನಡೆಯಿರಿ' ಎಂದು ಬರೆಸಿದರು. ಕೊನೆಗೆ ಆಸ್ಪತ್ರೆಯ ಗೇಟಿಗೆ ಇನ್ನೂ ಇನ್ನೂರು ಹೆಜ್ಜೆ ಇರುವಾಗ ದಾರಿ ಕಾಂಪೌಂಡ್ ಗೋಡೆಗೆ ನೇರ ಹೋಗಿ ಮೂತಿ ಇಟ್ಟು ನಿಂತಿತು. ಏಕೆಂದರೆ ಅಲ್ಲಿಗೆ ನಕ್ಷೆಯ ಹಾಳೆ ಮುಗಿದಿತ್ತು. ಇನ್ನೊಂದು ಹಾಳೆ ಅಂಟಿಸೋಣವೇ ಎಂದು ಕೇಳಿದ್ದಕ್ಕೆ ಸಾಹೇಬರು ಗಡಿಯಾರ ನೋಡಿದ್ದರು.

ಇಷ್ಟನ್ನೂ ಎಳೆದದ್ದು ಬ್ರೇಕಮ್ಮನ ಕೈಯೇ. ಹಾಳೆಯ ಬಲಮೂಲೆಯಲ್ಲಿ ಅವಳ ಹೆಸರಿನ ಎರಡಕ್ಷರ ಬಿತ್ತು. ಆ ದಿನ ಮನೆಗೆ ಬಂದು ಅವಳು ಸಾಬೂನು ಹಚ್ಚಿ ಕೈ ತೊಳೆದದ್ದೇ ತೊಳೆದದ್ದು. ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತಿ, "ಏನೇ, ಶಾಯಿ ಚೆಲ್ಲಿಕೊಂಡ್ಯಾ?" ಎಂದಳು.

"ಶಾಯಿಯಾಗಿದ್ರೆ ಹೋಗ್ತಿತ್ತು."

ಅಕ್ಕ ದರ್ಜಿ. ಶಾಲೆಯ ಸಮವಸ್ತ್ರ ಹೊಲಿದು, ಗಂಟು ಕಟ್ಟಿ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಮಾರುಕಟ್ಟೆಯ ಅಂಗಡಿಗಳಿಗೆ ಕೊಟ್ಟು ಬರುವವಳು. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದರು. ಒಂದು ಕೋಣೆ ತುಂಬ ಬಟ್ಟೆಯ ತುಂಡು, ಇನ್ನೊಂದರ ತುಂಬ ಸುರುಳಿ ಸುತ್ತಿದ ನಕ್ಷೆ. ಬ್ರೇಕಮ್ಮ ಲೋಕವನ್ನೆಲ್ಲ ಬೈಯುತ್ತಿದ್ದಳು. ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೂಂಗುಟ್ಟುತ್ತಿದ್ದಳು.

ದಾರಿ ಉದ್ಘಾಟನೆಯಾದ ಮರುದಿನ ಬ್ರೇಕಮ್ಮ ಅಕ್ಕನ ಡಬ್ಬಿಯಿಂದ ಒಂದು ಹಿಡಿ ಗುಂಡಿ ತೆಗೆದು ಬಲಜೇಬಿಗೆ ಹಾಕಿಕೊಂಡು ಹೊರಟಳು. ಕಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದು ಗುಂಡಿ ಬಲಜೇಬಿನಿಂದ ಎಡಜೇಬಿಗೆ. ನಾಲ್ಕು ಕಿಲೋಮೀಟರಿಗೆ ನಲವತ್ತಾರು ಗುಂಡಿ. ಬೆವರು ಒರೆಸಿಕೊಳ್ಳದೆ ನೇರ ಸಾಹೇಬರ ಕೋಣೆಗೆ ಹೋಗಿ ಗಾಜಿನ ಮೇಜಿನ ಮೇಲೆ ಅಷ್ಟನ್ನೂ ಸುರಿದಳು. ಗುಂಡಿಗಳು ಟಣಟಣ ಉರುಳಿ ಫೈಲುಗಳ ಕೆಳಗೆ ಸೇರಿಕೊಂಡವು.

"ಇದೇನಮ್ಮಾ? ನನಗೆ ಅಂಗಿ ಹೊಲಿಸ್ತೀರಾ?"

"ಇಷ್ಟು ಸಲ ಕಾಲು ಕೆಳಗಿಟ್ಟೆ ಸಾರ್. ಬಟ್ಟೆ ಅಂಗಡಿ ಗೇಟಲ್ಲಿ ಕಾದೆ, ಒಂದು ನಾಯಿ ಬಂತು, ಕಾರು ಬರಲಿಲ್ಲ. ನಮ್ಮ ದಾರೀಲಿ ನಲವತ್ತು ನಿಮಿಷ ಹಿಡೀತು. ಪಕ್ಕದ ರಸ್ತೇಲಿ ಲಾರಿಗಳ ಮಧ್ಯೆ ಹೋಗಿದ್ರೆ ಹದಿನೈದು."

ಸಾಹೇಬರು ಒಂದು ಗುಂಡಿ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ನೋಡಿ ಬ್ರೇಕಮ್ಮ, ಸೈಕಲ್ ಅಂದ್ರೆ ಅವಸರ ಇಲ್ಲದವರ ಗಾಡಿ. ಗಾಳಿ ಕುಡಿದುಕೊಂಡು ನಿಧಾನ ಹೋಗ್ತಾರೆ. ಅವಸರ ಇರೋರು ಕಾರು ತಗೋತಾರೆ."

ಬೆಳಿಗ್ಗೆ ಏಳಕ್ಕೆ ಪಾಳಿ ಹಿಡಿಯಬೇಕಾದ ನೇಯ್ಗೆಯವರು, ಆಸ್ಪತ್ರೆಯ ಆಯಾಗಳು, ಕ್ಯಾನು ಕಟ್ಟಿಕೊಂಡ ಹಾಲಿನವರು ಗಾಳಿ ಕುಡಿಯಲು ಹೊರಟವರಂತೆ! ಬ್ರೇಕಮ್ಮ ಬಗ್ಗಿ ಗುಂಡಿಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಒಂದು ಸಾಹೇಬರ ಬೂಟಿನ ಪಕ್ಕ ಬಿದ್ದಿತ್ತು. ಅವರು ಕಾಲು ಸರಿಸಲಿಲ್ಲ. ಅವಳೂ ಕೇಳಲಿಲ್ಲ, ಬೂಟನ್ನೇ ಸ್ಕೇಲಿನಿಂದ ಪಕ್ಕಕ್ಕೆ ತಳ್ಳಿ ತೆಗೆದುಕೊಂಡಳು.

ವಾರದೊಳಗೆ ಹೊಸ ದಾರಿಯಲ್ಲಿ ಒಂದು ಸೈಕಲ್ಲೂ ಉಳಿಯಲಿಲ್ಲ. ಎಲ್ಲರೂ ಮತ್ತೆ ಲಾರಿಗಳ ನಡುವೆ. "ನೋಡಿದ್ರಾ, ಮಾಡಿಕೊಟ್ರೂ ಜನಕ್ಕೆ ಬೇಡ. ಶಿಸ್ತಿಲ್ಲ" ಎಂದು ಸಾಹೇಬರು ಪತ್ರಿಕೆಗೆ ಹೇಳಿಕೆ ಕೊಟ್ಟರು. ದಾರಿಯ ಮೇಲೆ ಅಂಗಡಿಯವರು ಖಾಲಿ ಪೆಟ್ಟಿಗೆ ಪೇರಿಸಿದರು. ಅಷ್ಟರ ಮಟ್ಟಿಗೆ ಅದು ಉಪಯೋಗಕ್ಕೆ ಬಂತು.

ಎರಡು ವರ್ಷ ಕಳೆದ ಮೇಲೆ ಸಾಹೇಬರ ಬಲ ಮೊಣಕಾಲು ಕೈಕೊಟ್ಟಿತು. ದಿನಾ ಸೈಕಲ್ ತುಳಿಯಿರಿ ಎಂದರು ವೈದ್ಯರು. ಇಪ್ಪತ್ತೊಂದು ಗೇರಿನ ಸೈಕಲ್ಲು ಬಂತು, ಬೆರಳಿಲ್ಲದ ಕೈಗವಸು ಬಂತು, ಅಣಬೆಯಂಥ ಟೋಪಿ ಬಂತು. ಒಂದು ಸೋಮವಾರ ಅವರು ತಮ್ಮದೇ ದಾರಿಯಲ್ಲಿ ಕಚೇರಿಗೆ ಹೊರಟಿದ್ದಾರೆಂದು ಸುದ್ದಿ ಹಬ್ಬಿ, ನಕ್ಷೆ ಕೋಣೆಯ ಅಷ್ಟೂ ಜನ ಕಿಟಕಿಗೆ ಜೋತುಬಿದ್ದರು. ಹತ್ತಕ್ಕೆ ಬರಬೇಕಾದವರು ಹನ್ನೊಂದಕ್ಕೆ ಕಾಲು ಗಂಟೆ ಇರುವಾಗ ಬಂದರು, ನಡೆದುಕೊಂಡು. ಸೈಕಲ್ಲನ್ನು ತಪ್ಪು ಮಾಡಿದವನ ಕಿವಿ ಹಿಡಿದು ತರುವಂತೆ ಹ್ಯಾಂಡಲ್ ಹಿಡಿದು ಎಳೆದು ತರುತ್ತಿದ್ದರು. ಪ್ಯಾಂಟಿನ ಮೇಲೆ ಚೈನಿನ ಎಣ್ಣೆ, ಮೊಣಕೈಗೆ ಕಂಬದ ಸುಣ್ಣ.

ಈಗಲಾದರೂ ಬುದ್ಧಿ ಬಂದೀತು ಎಂದು ಬ್ರೇಕಮ್ಮನಿಗೆ ಒಂದು ಕ್ಷಣ ಆಸೆಯಾದದ್ದು ನಿಜ. ಆ ಆಸೆಗಾಗಿ ಅವಳು ಆಮೇಲೆ ತನ್ನನ್ನೇ ಹೀಯಾಳಿಸಿಕೊಂಡಳು.

ಸಾಹೇಬರು ಮೆಟ್ಟಿಲು ಹತ್ತಿ ಬಂದು ಉಸಿರುಬಿಟ್ಟು ಹೇಳಿದರು: "ಈ ಸೈಕಲ್ಲೇ ಸರಿ ಇಲ್ಲ ಕಣ್ರೀ."

ಮರುದಿನದಿಂದ ಚಾಲಕ ಸೈಕಲ್ಲನ್ನು ಜೀಪಿನ ಮೇಲೆ ಕಟ್ಟಿ ಉದ್ಯಾನಕ್ಕೆ ಒಯ್ಯುತ್ತಿದ್ದ, ಸಾಹೇಬರು ಮೂರು ಸುತ್ತು ಹಾಕುತ್ತಿದ್ದರು, ಚಾಲಕ ಮತ್ತೆ ಕಟ್ಟಿಕೊಂಡು ಬರುತ್ತಿದ್ದ. ಮೂರು ಸುತ್ತಿಗೆ ಜಗ್ಗುವ ಮೊಣಕಾಲೂ ಅದಾಗಿರಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯೇ ಆಗಬೇಕೆಂದಾಯಿತು. ಸಾಹೇಬರು ಐದು ತಿಂಗಳು ರಜೆ ಹೋದರು.

ಅವರ ಕುರ್ಚಿಗೆ ತಾತ್ಕಾಲಿಕವಾಗಿ ಬಂದವರು ನಿವೃತ್ತಿಗೆ ದಿನ ಎಣಿಸುತ್ತಿದ್ದ ಉಪ ಇಂಜಿನಿಯರ್. ಅವರಿಗೆ ಎರಡೇ ಚಿಂತೆ: ಚಹಾ ಬಿಸಿ ಇರಬೇಕು, ಯಾರೂ ಜೋರಾಗಿ ಮಾತಾಡಬಾರದು. ಬ್ರೇಕಮ್ಮ ಅವರ ಮುಂದೆ ತನ್ನ ಮನೆಯ ಕೋಣೆಯಲ್ಲಿ ಎಂಟು ವರ್ಷದಿಂದ ತಿದ್ದಿ ತೀಡಿದ ಒಂದು ಸುರುಳಿ ಬಿಚ್ಚಿದಳು.

ಕಾರ್ಮಿಕರ ವಸತಿಯಿಂದ ಮಾರುಕಟ್ಟೆಯವರೆಗೆ, ಮುಚ್ಚಿಹೋದ ಹಗ್ಗದ ಕಾರ್ಖಾನೆಯ ಬೆನ್ನಿಗೆ, ಒಂದು ಕಾಲದಲ್ಲಿ ಗೂಡ್ಸ್ ರೈಲು ಓಡುತ್ತಿದ್ದ ಜಾಗವಿತ್ತು. ಕಂಬಿ ಕಿತ್ತು ಯುಗವಾಗಿತ್ತು. ಆರು ಕಿಲೋಮೀಟರ್ ಮುಳ್ಳುಗಿಡ, ಮುರಿದ ಹೆಂಚು. ರೈಲಿಗೆಂದು ಮಾಡಿದ ಜಾಗವಾದ್ದರಿಂದ ಕಡಿದಾದ ಏರೂ ಇಲ್ಲ, ಗಕ್ಕನೆ ತಿರುವೂ ಇಲ್ಲ. ದೊಡ್ಡ ವರ್ತುಲ ರಸ್ತೆಯ ಅಡಿಯಲ್ಲಿ ಹಾಯಲು ಕಲ್ಲಿನ ಕಮಾನು ಸಹ ಇತ್ತು. ಬ್ರೇಕಮ್ಮ ಭಾನುವಾರಗಳಲ್ಲಿ ಅಕ್ಕನ ಕೈಗೆ ಅಳತೆ ಪಟ್ಟಿಯ ಒಂದು ತುದಿ ಕೊಟ್ಟು ಅಷ್ಟನ್ನೂ ಅಳೆದಿದ್ದಳು. ಅಡ್ಡ ಬರುವ ಒಂಬತ್ತು ಓಣಿಗಳಲ್ಲಿ ನಿಲ್ಲಬೇಕಾದ್ದು ಕಾರು, ಸೈಕಲ್ಲಲ್ಲ. ಸೈಕಲ್ ದಾರಿ ಒಂದೇ ಮಟ್ಟದಲ್ಲಿ ಹೋಗುತ್ತದೆ, ಕಾರು ದಿಬ್ಬ ಹತ್ತಿ ಇಳಿಯಬೇಕು. ಕಮಾನಿನ ಕೆಳಗೆ ಇಳಿಜಾರಿನಲ್ಲಿ ಕೂಡಿಕೊಂಡ ಓಟವೇ ಆಚೆಯ ಏರು ಹತ್ತಿಸುವಂತೆ ಎರಡೂ ಕಡೆಯ ಇಳುಕಲು ಹೊಂದಿಸಿದ್ದಳು. ಮೂರು ದೊಡ್ಡ ರಸ್ತೆಗಳ ಸಿಗ್ನಲ್ಲುಗಳು ಒಂದಾದ ಮೇಲೆ ಒಂದು, ಬರುವ ಸೈಕಲ್ಲಿನ ವೇಗಕ್ಕೆ ಸರಿಯಾಗಿ ಹಸಿರಾಗಬೇಕು.

"ಇದಕ್ಕೆ ದೊಡ್ಡವರು ಒಪ್ಪಿದಾರೇನಮ್ಮಾ?" ಎಂದರು ಉಪ ಇಂಜಿನಿಯರ್.

"ಅವರಿಗೂ ಸೈಕಲ್ ಹುಚ್ಚು ಹಿಡಿದಿತ್ತಲ್ಲ ಸಾರ್. ಮೊಣಕಾಲು ಅಡ್ಡ ಬಂತು."

ಒಂದೂ ಸುಳ್ಳಿರಲಿಲ್ಲ. ಉಪ ಇಂಜಿನಿಯರ್ ಚಹಾ ಆರುವ ಮುಂಚೆ ಸಹಿ ಹಾಕಿದರು.

ಗುತ್ತಿಗೆದಾರನೂ ಸಾಹೇಬರು ಬೆಂದ ಎಣ್ಣೆಯಲ್ಲೇ ಬೆಂದವನು. ಓಣಿ ಕೂಡುವಲ್ಲಿ ಎರಡೂ ಬದಿಗೆ ಎರಡು ಬೆರಳಿನ ಕಲ್ಲಂಚು ಬಿಟ್ಟಿದ್ದ. "ಅಷ್ಟು ಇದ್ದೇ ಇರುತ್ತೆ ಮೇಡಂ, ಗಾಡಿ ಹತ್ತುತ್ತೆ" ಎಂದ. ಬ್ರೇಕಮ್ಮ ಮುಚ್ಚಳವಿಲ್ಲದ ಹಾಲಿನ ಕ್ಯಾನಿಗೆ ಕಂಠದವರೆಗೆ ನೀರು ತುಂಬಿ, ಕ್ಯಾರಿಯರಿಗೆ ಕಟ್ಟಿ, ಅವನ ಕಣ್ಣೆದುರೇ ಆ ಅಂಚುಗಳ ಮೇಲೆ ಸೈಕಲ್ ಹಾಯಿಸಿದಳು. ನೀರು ಎಲ್ಲಿ ತುಳುಕಿ ನೆಲ ನೆನೆಯಿತೋ ಅಲ್ಲಿ ಸೀಮೆಸುಣ್ಣದ ಗುರುತು. "ಒಡೀರಿ" ಎಂದಳು. ಹದಿನಾಲ್ಕು ಕಡೆ ಒಡೆಸಿದಳು. ಅವನು ಬೆನ್ನ ಹಿಂದೆ ಏನೆಂದು ಬೈದನೋ, ಅದು ಅವಳಿಗೆ ಕೇಳಿಸಿತು, ತೃಪ್ತಿಯೂ ಆಯಿತು.

ದಾರಿ ತೆರೆದ ಬೆಳಿಗ್ಗೆ ಅವಳು ಆರು ಕಿಲೋಮೀಟರನ್ನು ಕಾಲು ನೆಲಕ್ಕೆ ತಾಗಿಸದೆ ಹೋದಳು. ಕಮಾನಿನ ಕೆಳಗೆ ಜಾರಿ ಆಚೆಯ ಏರನ್ನು ತಾನಾಗಿ ಏರಿದಾಗ ಐವತ್ತೈದರ ಹೆಂಗಸು ಒಬ್ಬಳೇ "ಹೋ!" ಎಂದು ಕೂಗಿದಳು. ಸಿಗ್ನಲ್ಲುಗಳು ಒಂದಾದ ಮೇಲೊಂದು ಅವಳು ಬರುವ ಹೊತ್ತಿಗೆ ಹಸಿರಾದವು. ಇಡೀ ವಾರ ಅವಳ ನಡಿಗೆಯೇ ಬೇರೆಯಾಗಿತ್ತು. ಕಚೇರಿಯಲ್ಲಿ ಯಾರನ್ನು ನೋಡಿದರೂ ಮರುಕದಿಂದ ನೋಡುತ್ತಿದ್ದಳು.

ಎಂಟನೆಯ ದಿನ ಮೂರನೆಯ ಸಿಗ್ನಲ್ಲಿನ ಬಳಿ ಅಕ್ಕ ನಿಂತಿರುವುದು ಕಂಡಿತು. ಕ್ಯಾರಿಯರಿನಲ್ಲಿ ಬಟ್ಟೆಯ ಗಂಟು, ಹ್ಯಾಂಡಲಿಗೆ ಎರಡು ಚೀಲ. ಅವಳ ಸುತ್ತ ಇನ್ನೂ ಹತ್ತು ಹನ್ನೆರಡು ಜನ: ಮಗುವನ್ನು ಹಿಂದೆ ಕೂರಿಸಿಕೊಂಡ ಆಯಾ, ಎರಡು ಕ್ಯಾನಿನ ಹಾಲಿನವ, ಒಬ್ಬ ಮುದುಕ. ಎಲ್ಲರೂ ಒಂದು ಕಾಲು ಕೆಳಗಿಟ್ಟು ಕೆಂಪು ದೀಪ ನೋಡುತ್ತಿದ್ದಾರೆ.

"ಇದೇನಕ್ಕ, ನಿಂತಿದೀಯಾ?"

"ನಿಂತಿರೋದು ಇದು ಮೂರನೇ ಸಲ. ಮೊದಲನೇದ್ರಲ್ಲೂ ನಿಂತೆ, ಎರಡನೇದ್ರಲ್ಲೂ ನಿಂತೆ. ದಿನಾ ಹೀಗೇ."

"ಸ್ವಲ್ಪ ಬಿರುಸಾಗಿ ತುಳಿಯೋಕೇನು? ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ಲೆಕ್ಕ ಹಾಕಿದೀನಿ. ನಿನ್ನ ಹಾಗೆ ತೆವಳಿದ್ರೆ ಹಸಿರು ಹೇಗೆ ಸಿಗುತ್ತೆ?"

ಅಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಬಾಯಲ್ಲಿ ಅವತ್ತು ಸೂಜಿ ಇರಲಿಲ್ಲ.

"ಇಪ್ಪತ್ತು ಯಾರ ವೇಗ ಕಣೇ? ನಿನ್ನದು. ಹಿಂದೆ ಗಂಟಿಲ್ಲ, ಮುಂದೆ ಚೀಲ ಇಲ್ಲ, ಅಂಗೈಯಷ್ಟು ಊಟದ ಡಬ್ಬಿ ಒಂದು. ನಿಮ್ಮ ಸಾಹೇಬರು ಕಾರಲ್ಲಿ ಕೂತು ಗೆರೆ ಎಳೆದ್ರು, ನೀನು ನಿನ್ನ ಸೈಕಲ್ ಸೀಟಲ್ಲಿ ಕೂತು ಎಳೆದೆ. ಅಷ್ಟೇ ತಾನೇ ವ್ಯತ್ಯಾಸ?"

ದೀಪ ಹಸಿರಾಯಿತು. ಅಕ್ಕ ಎರಡು ಸಲ ಕಾಲಿನಿಂದ ನೆಲ ಒದ್ದು, ಗಂಟಿನ ಭಾರಕ್ಕೆ ಓಲಾಡುತ್ತ ಹೋದಳು. ಹಾಲಿನವನೂ ಆಯಾಳೂ ಅವಳ ಹಿಂದೆ ಓಲಾಡುತ್ತ ಹೋದರು. ಬ್ರೇಕಮ್ಮ ಅಲ್ಲೇ ನಿಂತಳು, ಹಸಿರು ಹೋಗಿ ಕೆಂಪು ಬಂದರೂ ನಿಂತೇ ಇದ್ದಳು.

ಎರಡು ದಿನ ಅವಳು ಹೊಸ ದಾರಿ ಹತ್ತದೆ ಲಾರಿಗಳ ರಸ್ತೆಯಲ್ಲೇ ಕಚೇರಿಗೆ ಹೋಗಿಬಂದಳು. ಜಗತ್ತಿನಲ್ಲಿ ಅವಳು ಕೀಳಾಗಿ ಕಂಡವರ ಪಟ್ಟಿ ಸಣ್ಣದಲ್ಲ. ಆ ಪಟ್ಟಿಗೆ ತನ್ನ ಹೆಸರು ಸೇರಿಸುವುದು ಅವಳಿಗೆ ಸುಲಭವಾಗಲಿಲ್ಲ. ಮೂರನೆಯ ಬೆಳಿಗ್ಗೆ ರಜೆ ಹಾಕಿ, ಅಪ್ಪನ ಸ್ಟೂಲು ಎತ್ತಿಕೊಂಡು ದಾರಿಯ ಪಕ್ಕ ಹೋಗಿ ಕೂತಳು. ಎರಡು ಮರಗಳ ನಡುವೆ ಐವತ್ತು ಮೀಟರ್ ಅಳೆದು, ಕೈಗಡಿಯಾರ ನೋಡಿ, ಹಾದುಹೋದ ಇನ್ನೂರು ಸೈಕಲ್ಲುಗಳ ವೇಗ ಬರೆದಳು. ನೂರಮೂವತ್ತು ಜನ ಹದಿನಾಲ್ಕಕ್ಕಿಂತ ಕೆಳಗೆ. ಇಪ್ಪತ್ತು ಮುಟ್ಟಿದವರು ಹದಿನೇಳು. ಎಂಟು ವರ್ಷ ತಿದ್ದಿದ ದಾರಿ ಹದಿನೇಳು ಜನರಿಗೆ ಮತ್ತು ತನಗೆ.

ಉಪ ಇಂಜಿನಿಯರರಿಂದ ಇನ್ನೊಂದು ಸಹಿ ಹಾಕಿಸಿಕೊಂಡು ಮೂರು ರಸ್ತೆಗಳಲ್ಲಿ ಎರಡರ ಸಿಗ್ನಲ್ಲನ್ನೇ ತೆಗೆಸಿದಳು. ಅಲ್ಲಿ ರಸ್ತೆಯನ್ನು ಕಿರಿದು ಮಾಡಿ, ಓಣಿಗಳಂತೆಯೇ ದಿಬ್ಬ ಹಾಕಿಸಿ, ಕಾರುಗಳು ತೆವಳುತ್ತ ಹೋಗುವಂತೆ ಮಾಡಿದಳು. ಉಳಿದ ಒಂದಕ್ಕೆ, ಸೈಕಲ್ಲು ದೂರದಲ್ಲಿರುವಾಗಲೇ ಗುರುತಿಸಿ ಹಸಿರು ಕೊಡುವ ತಂತಿ ನೆಲದಲ್ಲಿ ಹೂಳಿಸಿದಳು. ಎಷ್ಟು ದೂರದಲ್ಲಿ ಹೂಳಬೇಕೆಂದು ನೋಡಲು ಅಕ್ಕನನ್ನು ಪೂರ್ತಿ ಗಂಟು ಹೇರಿಸಿ ಒಂಬತ್ತು ಸಲ ಓಡಿಸಿದಳು. "ನನ್ನ ಕಾಲು ಬಿದ್ದುಹೋಗುತ್ತೆ ಕಣೇ" ಎಂದು ಅಕ್ಕ ಗೊಣಗಿದಳು. ಆದರೆ ಒಂಬತ್ತನೆಯ ಸಲ ನಿಲ್ಲದೆ ಹಾದುಹೋದಾಗ ಅವಳ ಮುಖ ನೋಡುವಂತಿತ್ತು.

ಮೈಗಂಟಿದ ಬಣ್ಣದ ಬಟ್ಟೆ ತೊಟ್ಟು ಬರುವ ವೇಗದ ಸವಾರರು ದೂರು ತಂದರು. ದಾರಿಯಲ್ಲಿ ಗುಂಪು ಹೆಚ್ಚಾಗಿದೆ, ಅಜ್ಜಿಯರು ಅಡ್ಡ ಬರುತ್ತಾರೆ. "ಇದು ಸೈಕಲ್ ದಾರಿನಾ, ಮೆರವಣಿಗೆನಾ?"

"ಅಷ್ಟು ಅವಸರ ಇದ್ರೆ ಸಾಹೇಬರ ದಾರಿಗೆ ಹೋಗಿ. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ" ಎಂದಳು ಬ್ರೇಕಮ್ಮ. ಒಂದು ತಿಂಗಳ ಹಿಂದೆ ತಾನೂ ಅವರ ಪೈಕಿಯೇ ಆಗಿದ್ದೆ ಎಂಬುದು ನೆನಪಿದ್ದದ್ದರಿಂದಲೇ ಇರಬೇಕು, ಅವರ ಮೇಲೆ ಇನ್ನಷ್ಟು ತಾತ್ಸಾರ.

ಸಾಹೇಬರು ಹೊಸ ಮೊಣಕಾಲಿನೊಂದಿಗೆ ವಾಪಸು ಬಂದರು. ಮೊದಲ ದಿನ ಕೆಂಡವಾದರು, ಉಪ ಇಂಜಿನಿಯರರ ಮೇಲೆ ಕೂಗಾಡಿದರು. ಎರಡನೆಯ ದಿನ ದಿನಕ್ಕೆ ಒಂಬತ್ತು ಸಾವಿರ ಸೈಕಲ್ಲು ಓಡುತ್ತವೆ ಎಂಬ ವರದಿ ಓದಿದರು. ಮೂರನೆಯ ದಿನ ಆ ದಾರಿ ಅವರದಾಯಿತು. ಕಮಾನಿನ ಪಕ್ಕ ಅವರ ಹೆಸರಿನ ಕಲ್ಲು ಎದ್ದು ನಿಂತಿತು. ಬೇರೆ ನಗರದ ಅಧಿಕಾರಿಗಳು ನೋಡಲು ಬಂದಾಗ ನಕ್ಷೆ ಹಿಡಿದು ನಿಲ್ಲುವುದಕ್ಕೆ ಬ್ರೇಕಮ್ಮನನ್ನು ಕರೆಸಿದರು. ಅವಳು ಒಂದು ತುದಿ, ಜವಾನ ಇನ್ನೊಂದು ತುದಿ. ಸಾಹೇಬರು ಕೋಲು ಆಡಿಸುತ್ತ ಹೇಳಿದರು: "ಈ ದಾರಿ ಹುಟ್ಟಿದ್ದೇ ನನ್ನ ಮೊಣಕಾಲಿನಿಂದ."

ಬಂದವರು ಚಪ್ಪಾಳೆ ತಟ್ಟಿದರು. ಬ್ರೇಕಮ್ಮ ನಕ್ಷೆಯ ಹಿಂದೆ ನಿಂತು ಯೋಚಿಸಿದಳು. ಅವರ ಮೂವತ್ತು ವರ್ಷದ ನೌಕರಿಯಲ್ಲಿ ಬಾಯಿಂದ ಬಂದ ಒಂದೇ ಒಂದು ಸತ್ಯ ಅದಾಗಿತ್ತು. ಆ ಮೊಣಕಾಲು ಗಟ್ಟಿಯಾಗಿದ್ದಿದ್ದರೆ ಅಲ್ಲಿ ಇನ್ನೂ ಮುಳ್ಳುಗಿಡವೇ ಇರುತ್ತಿತ್ತು. ನಕ್ಷೆ ಅಲುಗಾಡುವಷ್ಟು ನಗು ಬಂತು. "ನೆಟ್ಟಗೆ ಹಿಡೀರಿ" ಎಂದು ಸಾಹೇಬರು ಗದರಿದರು.

ಅವಳು ನಿವೃತ್ತಳಾದ ವರ್ಷವೇ ಸಾಹೇಬರಿಗೆ ಬಡ್ತಿ ಸಿಕ್ಕಿತು. ದೇಶಕ್ಕೆಲ್ಲ ಸೈಕಲ್ ದಾರಿ ಹೇಗಿರಬೇಕೆಂದು ನಿಯಮ ಬರೆಯುವ ಸಮಿತಿಗೆ ಈಗ ಅವರೇ ಅಧ್ಯಕ್ಷರು. ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದು ಎಂಬ ಪ್ರಕಟಣೆ ನೋಡಿ ಬ್ರೇಕಮ್ಮ ಕರಡಿನ ಪ್ರತಿ ತರಿಸಿದಳು. ಎಂಬತ್ತನಾಲ್ಕು ಪುಟ. ಮುಖಪುಟದಲ್ಲಿ ಅವಳ ದಾರಿಯ ಫೋಟೋ, ಒಳಗೆ ಗೇಟಿಗೊಂದು 'ನಿಲ್ಲಿ' ಬೋರ್ಡು, ಕಂಬಕ್ಕೊಂದು ಸುತ್ತು.

ಊಟದ ಮೇಜಿನ ಮೇಲೆ ಹರಡಿಕೊಂಡು ಹದಿನಾರು ದಿನ ಕೂತು ಪುಟಪುಟವನ್ನೂ ತಿದ್ದಿದಳು. ಅಂಚಿನಲ್ಲಿ ಜಾಗ ಸಾಲದೆ ಚೀಟಿ ಅಂಟಿಸಿದಳು. ಗಂಟು ಹೊತ್ತವರ ವೇಗ, ಮಗು ಕೂರಿಸಿಕೊಂಡವರಿಗೆ ಬೇಕಾದ ಅಗಲ, ಇಳುಕಲಿನ ಅಳತೆ, ಎಲ್ಲ ಬರೆದಳು. ಹನ್ನೆರಡನೆಯ ಪುಟದ ಪಕ್ಕ "ಇದನ್ನು ಬರೆದವರು ಸೈಕಲ್ ಹತ್ತಿಲ್ಲ" ಎಂದೂ, ನಲವತ್ತನೆಯ ಪುಟದ ಪಕ್ಕ "ಹತ್ತಿದ್ದರೂ ಕಲಿತಿಲ್ಲ" ಎಂದೂ ಬರೆದಳು.

"ಯಾರೇ ಓದ್ತಾರೆ ಇದನ್ನ?" ಎಂದಳು ಅಕ್ಕ.

"ಯಾರೂ ಓದಲ್ಲ."

ನಾಲ್ಕು ತಿಂಗಳಿಗೆ ಎರಡನೆಯ ಕರಡು ಬಂತು. ಬ್ರೇಕಮ್ಮ ಕನ್ನಡಕ ಏರಿಸಿ ಬೆರಳಿಟ್ಟು ಹುಡುಕಿದಳು. ಮೂವತ್ತೊಂದನೆಯ ಪುಟದಲ್ಲಿ ಒಂದು ಸಾಲು ಬದಲಾಗಿತ್ತು: ಅಡ್ಡ ಓಣಿಯಿಂದ ಬರುವ ಮೋಟಾರು ವಾಹನ ನಿಂತು, ಸೈಕಲ್ಲು ಹೋದ ಮೇಲೆ ಹೋಗತಕ್ಕದ್ದು. ಅವಳ ಮಾತೇ, ಎರಡು ಕಾಗುಣಿತ ತಪ್ಪಿನೊಂದಿಗೆ. ಉಳಿದ ಎಂಬತ್ತಮೂರು ಪುಟ ಹಾಗೇ ಇದ್ದವು.

"ಒಂದು ಸಾಲು, ಅದನ್ನೂ ನೆಟ್ಟಗೆ ನಕಲು ಮಾಡೋಕೆ ಬರಲ್ಲ ಇವಕ್ಕೆ" ಎಂದು ಹೇಳಿ, ಪೆನ್ಸಿಲ್ ಚೂಪು ಮಾಡಿಕೊಂಡು, ಮೊದಲ ಪುಟಕ್ಕೆ ತಿರುವಿದಳು.